ತೊಂಬತ್ತು ಪೌಂಡಿನ ಫ್ಯೂಸು

ಅಂಚೆಯವ ತಂದ ಡಬ್ಬಿ ಬೆಂಕಿಪೊಟ್ಟಣದಷ್ಟು.
ಒಳಗೆ ಕಪ್ಪು ಮಖಮಲ್ಲು, ಅದರ ಮೇಲೆ
ಕೂಸಿನ ಕಿರುಬೆರಳಿನಂಥ ಫ್ಯೂಸು,
ಎರಡೂ ತುದಿಗೆ ಚಿನ್ನದ ಟೊಪ್ಪಿ,
ಮೈಮೇಲೊಂದು ಬಾಣದ ಗುರುತು.
ತೊಂಬತ್ತು ಪೌಂಡು.
ರಸೀದಿಯನ್ನು ಇಡ್ವಲ್ ಪೇಪರಿನ ಅಡಿಗೆ ತಳ್ಳಿದ;
ನಾನೂ ನೋಡದವಳಂತೆ ಆಲೂಗಡ್ಡೆ ಸುಲಿದೆ.

ಪೋರ್ಟ್ ಟಾಲ್ಬಟ್ಟಿನಲ್ಲಿ ಮೂವತ್ತೊಂದು ವರ್ಷ
ಉಕ್ಕು ಲಟ್ಟಿಸುವ ಯಂತ್ರದ ಪಕ್ಕ ನಿಂತ ಕಿವಿ ಅವನದು.
ಕಳೆದ ಮಾರ್ಚಿನಲ್ಲಿ ಆಸ್ಪತ್ರೆಯ ಹುಡುಗಿ
ಕಾಗದದ ಮೇಲೆ ಗೆರೆ ತೋರಿಸಿದಳು:
ನಾಲ್ಕು ಸಾವಿರದ ತನಕ ಹೇಗೋ ನಡೆದು ಬಂದದ್ದು
ಅಲ್ಲಿಂದಾಚೆ ಕಲ್ಲುಗಣಿಗೆ ಬಿದ್ದ ಕುರಿಯ ಹಾಗೆ.
ಆ ಕಾಗದ ಮಡಿಸಿ ಜೇಬಿಗಿಟ್ಟ.
ಬಸ್ಸಿನಲ್ಲಿ ಉದ್ದಕ್ಕೂ ಆಡಿದ್ದು ಒಂದೇ ಮಾತು:
“ಆಂಪ್ಲಿಫೈಯರಿನಲ್ಲೇ ಏನೋ ಮಬ್ಬು, ನೆಸ್ಟಾ.
ಕರೆಂಟು ಕೊಳಕಾಗಿ ಬರ್ತಾ ಇದೆ.”

ಎತ್ತಿಗೆ ಜ್ವರ, ಎಮ್ಮೆಗೆ ಬರೆ.

ನಾನು ಟ್ರಾನ್ಸ್‌ಫಾರ್ಮರ್ ಫ್ಯಾಕ್ಟರಿಯಲ್ಲಿ
ಹನ್ನೊಂದು ವರ್ಷ ಸುರುಳಿ ಸುತ್ತಿದವಳು.
ಫ್ಯೂಸೆಂದರೇನು ಅಂತ ನನಗೆ ಯಾರೂ ಹೇಳಬೇಕಿಲ್ಲ.
ಅದರ ಆಯುಷ್ಯಕ್ಕೆಲ್ಲ ಇರುವುದು ಒಂದೇ ಕೆಲಸ,
ಹೊತ್ತು ಬಂದಾಗ ಸಾಯುವುದು.
ಅಲ್ಲಿಯ ತನಕ ತೆಪ್ಪಗಿರುವುದು.
ಅದಕ್ಕೆ ಹೋಗಿ ಹಾಡು ಅನ್ನುತ್ತಾನೆ ಈ ಮನುಷ್ಯ.

ರಾತ್ರಿ ಹಾರ್ಪಿನ ರೆಕಾರ್ಡಿನ ಮೇಲೆ ಮುಳ್ಳು ಇಳಿಸಿದ.
ಬಾಣ ಈ ಕಡೆಗೆ. ಕೇಳು.
ಪ್ಲಗ್ಗು ಬಿಚ್ಚಿದ, ತಿರುಗಿಸಿದ, ಮುಚ್ಚಿದ.
ಬಾಣ ಆ ಕಡೆಗೆ. ಈಗ ಕೇಳು.
ಕರೆಂಟು ಸೆಕೆಂಡಿಗೆ ಐವತ್ತು ಸಲ
ಹಿಂದಕ್ಕೂ ಮುಂದಕ್ಕೂ ಓಡುತ್ತದಲ್ಲ ಮಾರಾಯ,
ಅದಕ್ಕೆ ಬಾಣ ಯಾವ ದಾರಿ ತೋರಿಸೀತು
ಅನ್ನಲಿಲ್ಲ.
“ಬೆರಳು! ತಂತಿ ಮಿಡಿಯುವ ಮೊದಲು
ಬೆರಳು ತಾಗಿದ್ದು ಕೇಳಿಸ್ತಾ?”
ಕೈಯಲ್ಲಿ ಸ್ಕ್ರೂಡ್ರೈವರು, ಹುಬ್ಬು ಹಣೆಗೇರಿತ್ತು.
ಕೇಳಿಸಿತು ಅಂದೆ.
ನನಗೆ ಕೇಳಿಸಿದ್ದು, ಅವನು ಪ್ಲಗ್ಗು ಬಿಚ್ಚಿದಾಗಿನ ಬಿಡುವಿನಲ್ಲಿ,
ಅಬೆರಾವನ್ ದಂಡೆಯ ಮರಳನ್ನು
ಎಳೆದೆಳೆದು ಹಾಕುತ್ತಿದ್ದ ಸಮುದ್ರ.

ಹತ್ತೊಂಬತ್ತು ದಿನ ಸುಖವಾಗಿದ್ದೆವು.
ಇಪ್ಪತ್ತನೆಯ ಬೆಳಿಗ್ಗೆ ಕೆಟಲ್ ಕಾಯಲಿಲ್ಲ.

ಅವನಿನ್ನೂ ಮಲಗಿದ್ದ. ಕೆಟಲಿನ ಪ್ಲಗ್ಗು ಬಿಚ್ಚಿದರೆ
ಒಳಗೆ ಚಿನ್ನದ ಟೊಪ್ಪಿ.
ಮೀಟರು ಹಚ್ಚಿ ನೋಡಿದೆ, ಮುಳ್ಳು ಅಲುಗಲಿಲ್ಲ.
ನಾನು ಮಲಗಿದ ಮೇಲೆ ಸತ್ತಿರಬೇಕು.
ಬರಿಗಾಲಲ್ಲಿ ಅಡುಗೆಮನೆಗೆ ಬಂದು, ದೀಪ ಹಾಕದೆ,
ಕೆಟಲಿನ ಇಪ್ಪತ್ತು ಪೆನ್ನಿಯ ಫ್ಯೂಸು ಕಿತ್ತು
ತನ್ನ ಹಾರ್ಪಿಗೆ ಕೊಟ್ಟಿದ್ದಾನೆ,
ಹೆಣವನ್ನು ನನ್ನ ಚಹಾದಲ್ಲಿ ಹೂತು.

ಮೂಲೆಯ ಅಂಗಡಿಗೆ ಹೋಗಿ ಬಂದೆ. ಅವನು ಎದ್ದಾಗ
ನೀರು ಮರಳುತ್ತಿತ್ತು.
ಕೆಟಲನ್ನೇ ನೋಡಿದ, ಬಹಳ ಹೊತ್ತು,
ದೇವರು ಕಣ್ಣು ಬಿಟ್ಟ ಹಾಗೆ.

ಅಂದು ಸಂಜೆ ಮತ್ತೆ ಅದೇ ರೆಕಾರ್ಡು.
“ದಿನ ಕಳೆದ ಹಾಗೆ ಫ್ಯೂಸು ಪಳಗುತ್ತೆ, ನೆಸ್ಟಾ.
ಇವತ್ತು ನೋಡು, ಹೇಗೆ ಬಿಚ್ಚಿಕೊಂಡಿದೆ.”
ಬಿಚ್ಚಿಕೊಂಡಿದೆ, ಅಂದೆ.
ಸ್ವಲ್ಪ ತಡೆದು, ನನ್ನ ಕಡೆ ತಿರುಗದೆ,
“ಚಹಾನೂ ಚೆನ್ನಾಗಿತ್ತು” ಅಂದ.

ಸತ್ತದ್ದು ನನ್ನ ಗುಂಡಿಗಳ ಡಬ್ಬಿಯಲ್ಲಿದೆ.
ಮೊನ್ನೆ ಅವನು ಹಿತ್ತಿಲಲ್ಲಿ ಲೀಕ್ ಸಸಿಗೆ ಮಣ್ಣು ಏರಿಸುತ್ತಿದ್ದಾಗ
ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದೆ.
ಒಳಗೆ ಮರಳು ತುಂಬಿರುತ್ತಾರೆ,
ಕಿಡಿ ಹಾರಿದರೆ ಅಲ್ಲೇ ಹೂತುಹೋಗಲಿ ಅಂತ.
ಸರ್ ಅಂದಿತು.
ಅಷ್ಟು ಸಣ್ಣಗೆ, ಅಷ್ಟು ಮೇಲೆ,
ನಾಲ್ಕು ಸಾವಿರದಿಂದ ಎಷ್ಟೋ ಆಚೆ.
ಕಿಟಕಿಯಿಂದ ಅವನನ್ನು ಕರೆಯಲು ಬಾಯಿ ತೆರೆದವಳು
ಡಬ್ಬಿಯ ಮುಚ್ಚಳ ಹಾಕಿದೆ.