ಬಿಚ್ಚಲೆಂದೇ ಮಾಡಿದ್ದು

ಮನಾಮದ ಗಲ್ಲಿಯಲ್ಲಿ, ಲಿಗೋರಿಯ ಮೇಜಿನ ಮೇಲೆ
ಎರಡು ಸಿಡಿ ಪ್ಲೇಯರು ಅಂಗಾತ ಮಲಗಿವೆ.

ಒಂದು ಯಾರದೋ ಮನೆಯದು: ಬೆಳ್ಳಿ ಮೋರೆ,
ಒಳಗೆಲ್ಲ ಅಂಟು, ಪ್ಲಾಸ್ಟಿಕ್ ಹಲ್ಲು.
ಎರಡು ಬೇಸಿಗೆಯ ಧೂಳಿಗೇ ಕಣ್ಣು ಮಂಜು.

ಇನ್ನೊಂದು ರೇಡಿಯೋ ಸ್ಟೇಷನ್ನಿನದು.
ಹದಿನೆಂಟು ವರ್ಷ, ಹಗಲೂ ರಾತ್ರಿ.
ಎತ್ತಿದರೆ ಸೊಂಟ ಹಿಡಿಯುವ ಉಕ್ಕು,
ಅಂದವೆಂದರೆ ನಾಲ್ಕು ಸ್ಕ್ರೂ.

‘ಇದು ಹಾಳಾಗುವುದೇ ಇಲ್ವಾ?’ ಅಂದೆ.

‘ಆಗ್ತದೆ ಮಾರಾಯ. ಮೂರು ಸಲ ಲೇಸರ್ ಹಾಕಿದ್ದೇನೆ.
ಹಾಳಾಗ್ತದೆ ಅಂತ ಗೊತ್ತಿದ್ದವರು ಮಾಡಿದ್ದು,
ಅದಕ್ಕೇ ಕೈ ಹೋಗುವಷ್ಟು ಜಾಗ ಬಿಟ್ಟಿದ್ದಾರೆ.’

ಊದಿದ. ಮರಳು ಹಾರಿತು.
ಮುಚ್ಚಳದ ಒಳಮೈಯಲ್ಲಿ ಪೆನ್ಸಿಲಿನ ತಾರೀಕುಗಳು;
ಮೊದಲ ಎರಡು ಅವನ ಕೈಬರಹವಲ್ಲ.
ಯಾರದು ಅಂತ ಕೇಳುವಷ್ಟರಲ್ಲಿ
ಕಿವಿಯ ಸಂದಿಯಲ್ಲೇ ಇದ್ದ ಪೆನ್ಸಿಲು
ಮೇಜೆಲ್ಲ ಹುಡುಕತೊಡಗಿದ.