ನ್ಯೂಟ್ರಲ್

ಬೋಯಿಕೇರಿ ದಾಟಿ ಎರಡನೇ ತಿರುವಿನಲ್ಲಿ
ಇಪ್ಪತ್ತಾರು ಚೀಲ ಕಾಫಿಹಣ್ಣು ಹೊತ್ತ ನನ್ನ ಪಿಕಪ್ಪು
ಒಮ್ಮೆ ಕೆಮ್ಮಿ
ಸುಮ್ಮನಾಯಿತು.
ಗಂಟೆ ನಾಲ್ಕು. ಪಲ್ಪರ್ ಇರುವುದು ಸುಂಟಿಕೊಪ್ಪದಾಚೆ.
ಹಣ್ಣು ಕಾಯುವುದಿಲ್ಲ; ಚೀಲದೊಳಗೇ ಬಿಸಿಯೇರುತ್ತದೆ,
ಕೈಯಿಟ್ಟರೆ ಜ್ವರ ಬಂದ ಮಗುವಿನ ಹೊಟ್ಟೆ.

ಚೀಲಗಳೇನೋ ಯಾರದೋ ಜೀಪು ಹತ್ತಿ
ಎರಡು ಸಲಕ್ಕೆ ಹೋದವು.
ಉಳಿದದ್ದು ನಾನು, ಗಾಡಿ,
ಟ್ರ್ಯಾಕ್ಟರ್ ತಂದ ಚೆಂಗಪ್ಪ, ಅವನ ಹೆಗಲ ಮೇಲಿನ ಹಗ್ಗ.
"ನ್ಯೂಟ್ರಲ್ಲಿಗೆ ಹಾಕು, ಕಟ್ಟು, ಎಳೆದುಬಿಡೋಣ.
ಇಳಿಜಾರು ತಾನೇ, ಏನು ಮಹಾ!"

ಆಲಿಕುಟ್ಟಿ ಇಕ್ಕ ಬಂದದ್ದು ತಡವಾಗಿ, ಹಳೇ ಓಮ್ನಿಯಲ್ಲಿ.
ಹಿಂಬಾಗಿಲಿನಿಂದ ಕಬ್ಬಿಣದ ದಂಡವೊಂದು ಹೊರಚಾಚಿ
ಅದರ ತುದಿಗೊಂದು ಕೆಂಪು ಚಿಂದಿ.
ಹಗ್ಗ ನೋಡಿದರು. ಇಳಿಜಾರು ನೋಡಿದರು.
ಬಾಯಿಗಿಟ್ಟ ಬೀಡಿ ಹಚ್ಚದೆಯೇ ಜೇಬಿಗೆ ಹೋಯಿತು.

"ನ್ಯೂಟ್ರಲ್ ಅಂದರೆ ಬಿಡುಗಡೆ ಅಂದುಕೊಂಡೆಯಾ, ಮೋಳೇ?
ಬಿಟ್ಟದ್ದು ಇಂಜಿನ್ನನ್ನು ಮಾತ್ರ.
ಹಿಂದಿನ ಗಾಲಿ ಉರುಳಿದರೆ ಶಾಫ್ಟು ತಿರುಗುತ್ತೆ,
ಶಾಫ್ಟು ಹೋಗಿ ಗೇರ್‌ಬಾಕ್ಸಿನ ಬೆನ್ನು ತಿರುಗಿಸುತ್ತೆ.
ಒಳಗೆ ಕೆಳಗಿನ ಹಲ್ಲುಚಕ್ರ ಮಲಗಿರುತ್ತೆ.
ಎಣ್ಣೆ ಮೇಲಕ್ಕೆ ಎರಚುವುದು ಅದೇ.
ಈಗ ಎರಚುವವರು ಯಾರು?"

ಚೆಂಗಪ್ಪ ಕಾಫಿಗಿಡದ ಕಡೆ ತಿರುಗಿ ನಿಂತ.
ಹೋದ ವರ್ಷ ಅವನೇ ಎಳೆದಿದ್ದ,
ಮಾದಾಪುರದ ಪೊನ್ನಪ್ಪನ ಗಾಡಿಯನ್ನು, ಕುಶಾಲನಗರದವರೆಗೆ.
ಹೊರಟಾಗ ಕೆಟ್ಟಿದ್ದದ್ದು ಡೀಸೆಲ್ ಪಂಪು.
ತಲುಪಿದಾಗ ಪಂಪೂ, ಗೇರ್‌ಬಾಕ್ಸೂ.

ಮೊದಲು ಗಾಲಿಗಳಿಗೆ ಕಲ್ಲು.
"ಶಾಫ್ಟು ಕಳಚಿದ ಮೇಲೆ ಗೇರು ಗಾಡಿ ಹಿಡಿಯೋದಿಲ್ಲ,
ನನ್ನ ಎದೆ ಮೇಲಿಂದಲೇ ಸುಂಟಿಕೊಪ್ಪಕ್ಕೆ ಹೊರಡುತ್ತೆ."
ಗೋಣಿ ಹಾಸಿ ಒಳಗೆ ಜಾರಿದರು.
ಹೊರಗೆ ಕಾಣುತ್ತಿದ್ದದ್ದು ಎರಡು ರಬ್ಬರ್ ಚಪ್ಪಲಿ, ಒಂದು ಕೈ.
ಕೈ ಕೇಳಿತು: ಹದಿನಾಲ್ಕರ ಸ್ಪ್ಯಾನರ್.
ಕೈ ಕೇಳಿತು: ಗುರುತು ಹಾಕಲು ಏನಾದರೂ.
ಸೀಮೆಸುಣ್ಣ ಇರಲಿಲ್ಲ.
ನನ್ನ ಚೀಲದಲ್ಲಿತ್ತು ಉಗುರುಬಣ್ಣದ ಬಾಟಲಿ,
ತಂಗಿಯ ಮದುವೆಯದು, ಅರ್ಧ ಒಣಗಿದ್ದು.
ಕೈ ಒಂದು ಕ್ಷಣ ತಡೆಯಿತು,
ಆಮೇಲೆ ತೆಗೆದುಕೊಂಡಿತು.

ನಾಲ್ಕು ಬೋಲ್ಟು ಬಂದವು, ಒಂದೊಂದಾಗಿ,
ಕೊನೆಯದು ಬೈಗುಳ ತಿಂದು.
ಕಳಚಿದ ಶಾಫ್ಟು ರಸ್ತೆಗೆ ಉಜ್ಜಬಾರದಲ್ಲ,
ಚಾಸಿಗೆ ಎತ್ತಿ ಕಟ್ಟಬೇಕು.
"ಚೆಂಗಪ್ಪಾ, ಆ ಹಗ್ಗ ಕೊಡಪ್ಪ."
ಕೊಟ್ಟ. ಏನೂ ಅನ್ನದೆ.

ಎಳೆಯಲು ದಂಡ. ಹಗ್ಗ ಎಳೆಯುತ್ತದೆ, ತಡೆಯುವುದಿಲ್ಲ;
ಇಳಿಜಾರಿನಲ್ಲಿ ಎಳೆದವನ ಬೆನ್ನಿಗೇ ಹೋಗಿ ಗುದ್ದುತ್ತದೆ.
ಬೀಗದ ಕೈ ಆನ್ ಇರಲಿ, ಸ್ಟೀರಿಂಗ್ ಲಾಕಾದರೆ ಮುಗಿಯಿತು.
ಬ್ರೇಕಿಗೆ ಕಾಲಲ್ಲ, ಸೊಂಟ ಹಾಕಿ ಒತ್ತು.
ಇಷ್ಟು ಹೇಳಿ ಈಗ ಬೀಡಿ ಹಚ್ಚಿದರು.

ಹೊರಟೆವು.
ಆರು ವರ್ಷದಿಂದ ಈ ಗಾಡಿಯಲ್ಲಿ ಕೂತಿದ್ದೇನೆ,
ಅದರ ಸದ್ದಿಲ್ಲದೆ ಚಲಿಸಿದ್ದು ಇದೇ ಮೊದಲು.
ಟಾರಿಗೆ ಟೈರು ಅಂಟಿ ಬಿಡುವ ಸದ್ದು.
ಡ್ಯಾಶ್‌ಬೋರ್ಡಿನಲ್ಲಿ ಒಂದು ನಾಣ್ಯ ಜಾರಾಡುವ ಸದ್ದು.
ಕೆದಕಲ್ ಹತ್ತಿರ ಕಾಳುಮೆಣಸು ಒಣಗಿಸಿದ್ದ ಅಂಗಳದಿಂದ
ಯಾರೋ ಹುಡುಗಿ ಕೈಬೀಸಿದಳು; ಬೀಸಲು
ನನಗೆ ಕೈ ಬಿಡುವಿರಲಿಲ್ಲ.
ಇಪ್ಪತ್ತರ ಮೇಲೆ ಮುಳ್ಳು ಏರಲಿಲ್ಲ.
ಕಾಲಡಿಯಲ್ಲಿ, ಗಂಟಲು ಒಣಗದೆ,
ಗೇರ್‌ಬಾಕ್ಸು ನಿದ್ದೆಹೋಗಿತ್ತು.

ಮೂರನೇ ದಿನ ಹೊಸ ಪಂಪು ಕೂತಿತು.
ಶಾಫ್ಟು ಮೇಲೆತ್ತಿ ಇಕ್ಕ ಕರೆದರು, ಬಾ, ನೋಡು.
ಅಂಗಾತ ಮಲಗಿ ನೋಡಿದೆ:
ಮಸಿ, ಗ್ರೀಸು, ಹತ್ತೂರಿನ ಕೆಮ್ಮಣ್ಣು,
ನಡುವೆ ಮದುವೆಮನೆಯ ಕೆಂಪಿನ ಎರಡು ಗೆರೆ,
ಒಂದು ಇತ್ತ, ಒಂದು ಅತ್ತ,
ಕೂದಲೆಳೆ ತಪ್ಪದೆ ಒಂದಾದವು.

ಚೆಂಗಪ್ಪ ಹಗ್ಗ ಕೇಳಲು ಬಂದ.
ಅದಕ್ಕೆ ಗ್ರೀಸು ಹತ್ತಿತ್ತು.
ತೊಳೆದು ಕೊಡುತ್ತೇನೆ ಅಂದೆ.
ಬೇಡ ಅಂದ.