ತಿದ್ದುಪಡಿ ಅರ್ಜಿ

ಕೋಡಿಬಾಗ ರಸ್ತೆಯಲ್ಲಿ, ಬಲೆನೂಲಿನ ಅಂಗಡಿಯ ಮೇಲೆ
ನಮ್ಮ ಸಂಘದ ಕೋಣೆ.
ಸೋಮವಾರ ಬಾಗಿಲು ತೆಗೆದರೆ ಮೊದಲು ಒಳಬರುವುದು
ಒಣಮೀನಿನ ವಾಸನೆ. ಆಮೇಲೆ ಜನ.
ಯಲ್ಲಾಪುರದ ಕಡೆಯಿಂದ ನಸುಕಿನ ಬಸ್ಸು ಹಿಡಿದು ಬಂದವರು;
ಮಡಿಲಲ್ಲಿ ಪ್ಲಾಸ್ಟಿಕ್ ಚೀಲ, ಚೀಲದೊಳಗೆ
ತಾವು ತಾವೇ ಎಂಬುದಕ್ಕೆ ಸಾಕ್ಷಿ.

ನಾನಿಲ್ಲಿ ಅರ್ಜಿ ಬರೆಯುವವಳು. ಕಾಗುಣಿತ ನನ್ನ ಕಸುಬು.

ಜುಜೆ, ಮತದಾರರ ಪಟ್ಟಿಯಲ್ಲಿ ಜೂಜು.
ದಿಯೋಗ ಹನ್ನೊಂದು ವರ್ಷದಿಂದ ವಿಯೋಗ.
ಇರಲಿ ಬಿಡಿ, ಎಂದು ನಗುತ್ತಾಳೆ ಅವನ ಹೆಂಡತಿ,
ಮನೆಯಲ್ಲಿ ಅವನು ಇರುವುದೂ ಅಷ್ಟಕ್ಕಷ್ಟೇ.

ಮಿಂಗೇಲನ ಮಗಳದು ನಗುವ ತಪ್ಪಲ್ಲ.
ಶಾಲೆಯ ಮಾಸ್ತರರಿಗೆ ಶುದ್ಧ ಭಾಷೆಯ ಮೇಲೆ ಪ್ರೀತಿ.
ಸಿದ್ದಿ ಎಂದಿದ್ದುದನ್ನು ಅಪಭ್ರಂಶವೆಂದು ಬಗೆದು
ಒತ್ತಕ್ಷರದ ಹೊಟ್ಟೆ ಸೀಳಿ ಸಿದ್ಧಿ ಮಾಡಿದರು.
ಆ ಹೆಸರಿನ ಪಂಗಡ ಪಟ್ಟಿಯಲ್ಲಿಲ್ಲ, ಎಂದಿತು ಕಚೇರಿ.
ಹಾಸ್ಟೆಲಿನ ಮಂಚ ಇನ್ನೊಬ್ಬರದಾಯಿತು.

ಹುಡುಗಿಯ ಗಂಟಲು ಕಟ್ಟಿತ್ತು.
ರೆಮೆತಿನಬಾಯಿ, ನಮ್ಮ ಅಧ್ಯಕ್ಷೆ, ಹೇಳಿದ್ದು ಇಷ್ಟೇ:
'ಆಮೇಲೆ ಅಳು. ಮೊದಲು ಝೆರಾಕ್ಸ್ ತೆಗೆಸು.
ಮೂರು ಪ್ರತಿ.'

ಕಿಟಕಿಯಾಚೆಯ ಗುಮಾಸ್ತ
ಮನೆಯಲ್ಲಿ ಕೊಂಕಣಿ ಆಡುವವನು. ಸಾಲಿನಲ್ಲಿ ನಿಂತು ಇವರು
ಪಿಸುಗುಟ್ಟಿದ್ದೂ ಕೊಂಕಣಿಯೇ.
ಗುಂಗುರು ಕೂದಲು ನೋಡಿದ, ಕಾಗದ ನೋಡಲಿಲ್ಲ.
ಕನ್ನಡದಲ್ಲಿ ಕೇಳಿದ:
'ಮೂಲ ಯಾವ ದೇಶ?'

ಬಾಯಿ ಚೀಲ ಬಿಚ್ಚಿದಳು.
ಮಡಿಕೆಯಲ್ಲಿ ಹರಿದು, ಅಂಟಿನ ಪಟ್ಟಿಯಲ್ಲಿ ನಿಂತ
ಮುಂಬಯಿ ಸರಕಾರದ ಕಾಲದ ರಶೀದಿ.
ಅಪ್ಪಣೆಯಿಲ್ಲದೆ ಬೆತ್ತ ಕಡಿದದ್ದಕ್ಕೆ
ಮಿಂಗೇಲನ ಮುತ್ತಜ್ಜನಿಗೆ ದಂಡ, ಎಂಟಾಣೆ.
'ದಂಡ ಹಾಕುವಾಗ ಯಾರೂ ದೇಶ ಕೇಳಲಿಲ್ಲ ಸ್ವಾಮಿ.
ಮತ್ತೆ ನೋಡಿ, ಇದರಲ್ಲಿ
ಸಿದ್ದಿ ಸರಿಯಾಗಿ ಬರೆದಿದ್ದಾರೆ.'

ಅವನು ಊಟಕ್ಕೆ ಎದ್ದ. ನಾವು ಮೆಟ್ಟಿಲ ಮೇಲೆ
ಅವಲಕ್ಕಿ ತಿಂದೆವು. ಗಾಳಿಗೆ ಪ್ರತಿಗಳು ಹಾರದ ಹಾಗೆ
ಒಬ್ಬೊಬ್ಬರು ಒಂದೊಂದರ ಮೇಲೆ ಕೂತೆವು.

ಮೂರೂವರೆಗೆ ಮೊಹರು ಬಿತ್ತು: ಸ್ವೀಕರಿಸಲಾಗಿದೆ.
ಕಾಗದವನ್ನೋ, ಮಾತನ್ನೋ, ಮೊಹರು ಹೇಳುವುದಿಲ್ಲ.
ಇಪ್ಪತ್ತೊಂದು ದಿನ ಕಾಯಬೇಕಂತೆ.

ಸಂಜೆ ಕೋಣೆಯಲ್ಲಿ ರಿಜಿಸ್ಟರು ತುಂಬುತ್ತಿದ್ದೆ.
ಹುಡುಗಿ ಹೆಗಲ ಹಿಂದೆ ಬಂದು ನಿಂತಳು, ಓದಿದಳು,
ಸ್ವಲ್ಪ ಹೊತ್ತು ಸುಮ್ಮನಿದ್ದಳು.
'ಅಕ್ಕಾ, ನಾನು ಸುಶಾನಾ.'

ಬರೆದಿದ್ದೆ: ಸುಜಾನಾ.
ಬೆಳಗಿನಿಂದ ಎಲ್ಲ ಪ್ರತಿಗಳಲ್ಲೂ ಬರೆದದ್ದು ಅದನ್ನೇನಾ
ಎಂದು ನಡುಗುತ್ತ ತಿರುವಿ ನೋಡಿದೆ. ಇಲ್ಲ, ಇಲ್ಲೊಂದೇ.

ಗೀಟು ಎಳೆದೆ. ಪಕ್ಕದಲ್ಲಿ ಸರಿಯಾದದ್ದು,
ಅದರ ಪಕ್ಕದಲ್ಲಿ ನನ್ನ ಸಹಿ,
ಇವತ್ತಿನ ತಾರೀಕು.